ಅಮಾವಾಸ್ಯೆಗೊಂದು ಚಿಟಿಕೆ

ನಮ್ಮ ಹಳೆಯ ಲಾರಿಯ ಎಂಜಿನ್ ಕೆಡಿಸಿದವನು ನಾನು. ಡ್ರೈವರ್ ಲಾಲಸಾಬ ಅಲ್ಲ.

ಇದನ್ನು ಮೊದಲ ಸಾಲಿನಲ್ಲೇ ಹಾಕಿಬಿಡುತ್ತಿದ್ದೇನೆ, ಏಕೆಂದರೆ ನನ್ನ ಸ್ವಭಾವ ನನಗೆ ಗೊತ್ತು — ಮುಂದಿನ ಪ್ಯಾರಾಕ್ಕೆ ಬಿಟ್ಟರೆ ಅಲ್ಲಿ ಬಿಸಿಲಿನ ಮಾತು ತೆಗೆಯುತ್ತೇನೆ, ಅದರ ಮುಂದಿನದಕ್ಕೆ ಬಿಟ್ಟರೆ ರಸ್ತೆಯ ಮಾತು. ಹೀಗೆಯೇ ಎಂಟು ವರ್ಷ ದಾಟಿಸಿದ್ದೇನೆ. ಲಾಲಸಾಬ ಎಂಜಿನ್ನಿಗೆ ಧೂಳು ಕುಡಿಸಿದ ಎಂದು ನಿಡಗುಂದಿಯಿಂದ ಸಿಂದಗಿಯವರೆಗೆ ಲಾರಿ ಇಟ್ಟವರೆಲ್ಲ ನಂಬಿದ್ದಾರೆ. ಅವನು ಕುಡಿಸಲಿಲ್ಲ. ಅದು ಧೂಳೂ ಆಗಿರಲಿಲ್ಲ.

ನಾನು ಬಸವನ ಬಾಗೇವಾಡಿಯಲ್ಲಿ ಹಿಂಡಿ-ಗೊಬ್ಬರದ ಅಂಗಡಿ ಇಟ್ಟವನು. ವ್ಯಾಪಾರ ಮಾಡುವುದಕ್ಕಿಂತ ಹೆಚ್ಚು ಹೊತ್ತು ಚಿಂತೆ ಮಾಡುತ್ತೇನೆ; ಅದರಲ್ಲಿ ಮಾತ್ರ ಎಂದೂ ನಷ್ಟವಾಗಿಲ್ಲ. ಅಂಗಡಿಗೆ ಕೀಲಿ ಹಾಕಿ ಇಪ್ಪತ್ತು ಹೆಜ್ಜೆ ಹೋಗಿ, ತಿರುಗಿ ಬಂದು ಜಗ್ಗಿ ನೋಡುವವನು ನಾನು. ಬಸ್ಸಿನಲ್ಲಿ ಕೂತರೆ ಬ್ರೇಕು ನನ್ನ ಕಾಲಲ್ಲೇ ಇದೆಯೇನೋ ಎನ್ನುವಂತೆ ನೆಲ ಒತ್ತುತ್ತೇನೆ. ಇಂಥವನು ತೊಂಬತ್ತರ ದಶಕದ ಕೊನೆಯಲ್ಲಿ, ಹೆಂಡತಿಯ ಅಣ್ಣ ಶಂಕ್ರಪ್ಪನ ಜೊತೆ ಪಾಲು ಸೇರಿ, ಸೊಲ್ಲಾಪುರದಿಂದ ಒಂದು ಹಳೆಯ ಲಾರಿ ತಂದ. ನನ್ನ ಹೆಂಡತಿ ಅಂದದ್ದು ಇಷ್ಟೇ: ಇನ್ನು ಮೇಲೆ ನಿಮಗೆ ಹೊತ್ತು ಹೋಗುವುದಿಲ್ಲ ಎಂಬ ತಕರಾರು ಇರುವುದಿಲ್ಲ.

ಲಾರಿಗೆ ಕೆಲಸಕ್ಕೆ ಕೊರತೆ ಇರಲಿಲ್ಲ. ನಿಡಗುಂದಿಯ ಸುತ್ತ ಕಾಲುವೆ ತೋಡುತ್ತಿದ್ದ ಕಾಲ. ಹಗಲೆಲ್ಲ ಖಡಿ, ಮಣ್ಣು. ಹಂಗಾಮು ಬಂದಾಗ ಇಂಡಿಯ ನಿಂಬೆಹಣ್ಣು, ಸಿಂದಗಿಯ ಹತ್ತಿ, ಮುದ್ದೇಬಿಹಾಳದ ಕಡೆಯ ಕಲ್ಲು. ಓಡಿಸಲು ಲಾಲಸಾಬ ಸಿಕ್ಕ. ಗೊಳಸಂಗಿಯವನು, ನನಗಿಂತ ನಾಲ್ಕೈದು ವರ್ಷಕ್ಕೆ ಹಿರಿಯ. ಅವನ ತಂದೆ ಮತ್ತು ನನ್ನ ತಂದೆ ಒಂದೇ ಸಂತೆಯಲ್ಲಿ ಪಕ್ಕಪಕ್ಕ ಕೂತು ದನ ವ್ಯಾಪಾರ ಮಾಡಿದವರು. ಲಾಲಸಾಬ ಕಡಿಮೆ ಮಾತಿನವನು, ಗಾಡಿಯ ಜೊತೆ ಮಾತ್ರ ಜಾಸ್ತಿ ಮಾತಾಡುತ್ತಿದ್ದ. ಏರು ಬಂದರೆ ‘ನಡಿಯವ್ವ, ನಡಿ’ ಅನ್ನುವುದು ನನಗೇ ಕೇಳಿಸಿದೆ.

ಎಣ್ಣೆ ಪರೀಕ್ಷೆಯ ಹುಚ್ಚು ನನಗೆ ಹತ್ತಿದ್ದು ವಿಜಾಪುರದಲ್ಲಿ. ಎಂಜಿನ್ ಎಣ್ಣೆ ಮಾರುವ ಕಂಪನಿಯವರು ಲಾರಿ ಮಾಲೀಕರನ್ನು ಕರೆದು ಊಟ ಹಾಕಿಸಿ ಸಭೆ ಮಾಡಿದರು. ಉಳಿದವರು ಊಟ ಮುಗಿಸಿ ಕೀಚೈನು ತೆಗೆದುಕೊಂಡು ಹೋದರು. ನಾನು ಮುಂದಿನ ಸಾಲಿನಲ್ಲಿ ಕೂತು ಎಲ್ಲ ಬರೆದುಕೊಂಡೆ. ಎಂಜಿನ್ನಿನೊಳಗೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಕಣ್ಣಿಗೆ ಕಾಣದ ಪುಡಿ ಉದುರುತ್ತದೆ, ಅದು ಎಣ್ಣೆಯಲ್ಲಿ ಸೇರುತ್ತದೆ. ಅಂಗೈ ಹಿಡಿಸುವಷ್ಟು ಚಿಕ್ಕ ಶೀಶೆಯಲ್ಲಿ ಆ ಎಣ್ಣೆ ಹಿಡಿದು ಕಳಿಸಿದರೆ ಪುಣೆಯ ಪ್ರಯೋಗಾಲಯದಲ್ಲಿ ಸುಟ್ಟು ನೋಡಿ, ಹತ್ತು ಲಕ್ಷ ಪಾಲಿಗೆ ಕಬ್ಬಿಣ ಎಷ್ಟು, ತಾಮ್ರ ಎಷ್ಟು, ಸೀಸ ಎಷ್ಟು ಎಂದು ಬರೆದು ಕಳಿಸುತ್ತಾರೆ. ಕಬ್ಬಿಣ ಏರಿದರೆ ಸಿಲಿಂಡರು ಸವೆಯುತ್ತಿದೆ. ತಾಮ್ರ, ಸೀಸ ಏರಿದರೆ ಬೇರಿಂಗು. ಸಿಲಿಕಾನ್ ಏರಿದರೆ ಹೊರಗಿನಿಂದ ಮಣ್ಣು-ಮರಳು ಒಳಗೆ ಹೋಗುತ್ತಿದೆ. ಎಂಜಿನ್ ಬಿಚ್ಚದೆ ಒಳಗಿನದೆಲ್ಲ ತಿಳಿಯುತ್ತದೆ! ನನ್ನಂಥವನಿಗೆ ಇದಕ್ಕಿಂತ ದೊಡ್ಡ ಸುಖ ಯಾವುದು — ಚಿಂತೆಗೆ ಅಂಕಿ-ಸಂಖ್ಯೆ ಸಿಕ್ಕಿತ್ತು.

ಶಂಕ್ರಪ್ಪ ನಕ್ಕ. ‘ಗಾಡಿ ಉಚ್ಚಿ ಪುಣೆಕ್ಕ ಕಳಸ್ತಾನ ನಮ್ಮ ಈರಣ್ಣ’ ಎಂದು ಚಹಾದಂಗಡಿಯಲ್ಲಿ ಸಾರಿದ. ನಾನು ಕಳಿಸಿದೆ. ಪ್ರತಿ ಸಲ ಎಣ್ಣೆ ಬದಲಿಸುವ ಮುನ್ನ, ಎಂಜಿನ್ ಬಿಸಿ ಇರುವಾಗಲೇ, ಎಣ್ಣೆಯ ಮಟ್ಟ ನೋಡುವ ಕಡ್ಡಿಯ ತೂತಿನಿಂದ ನಳಿಗೆ ಇಳಿಬಿಟ್ಟು, ಹೀರಿ, ಶೀಶೆ ತುಂಬಿ, ಮುಚ್ಚಳಕ್ಕೆ ಟೇಪು ಸುತ್ತಿ, ಟೇಪಿನ ಮೇಲೆ ಇನ್ನೊಂದು ಟೇಪು ಸುತ್ತಿ. ಲಾಲಸಾಬ ಶೀಶೆ ಹಿಡಿಯುತ್ತಿದ್ದ. ಮೊದಮೊದಲು ಅವನಿಗೂ ನಂಬಿಕೆ ಇರಲಿಲ್ಲ. ಎರಡು ಬೆರಳಿನ ನಡುವೆ ಎಣ್ಣೆ ತಿಕ್ಕಿ, ಮೂಸಿ, ‘ಇನ್ನ ಸಾವಿರ ಕಿಲೋಮೀಟರ್ ಹೋಕ್ಕೈತ್ರಿ’ ಎನ್ನುವವನು ಅವನು. ಆದರೆ ಮೊದಲ ಮೂರು ವರದಿ ಎಷ್ಟು ಚೆಂದ ಬಂದವೆಂದರೆ — ಅಷ್ಟು ಹಳೆಯ ಎಂಜಿನ್, ಅಷ್ಟು ಧೂಳಿನ ಕೆಲಸ, ಆದರೂ ಸಿಲಿಕಾನ್ ಇರಬೇಕಾದಷ್ಟೇ. ಪುಣೆಯವರು ಕೆಳಗೆ ಎರಡು ಸಾಲು ಷರಾ ಬರೆದಿದ್ದರು: ಗಾಳಿ ಸೋಸುವ ವ್ಯವಸ್ಥೆಯನ್ನು ಉತ್ತಮವಾಗಿ ಇಟ್ಟುಕೊಂಡಿದ್ದಾರೆ. ಓದಿ ಹೇಳಿದೆ. ಲಾಲಸಾಬ ಆ ಹಾಳೆ ಕೇಳಿ ಇಸಿದುಕೊಂಡ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಾಡಿಯ ಕಾಗದಪತ್ರದ ಜೊತೆ ಇಟ್ಟ. ಕಾಲುವೆಯ ಕೆಲಸದಲ್ಲಿದ್ದ ಬೇರೆ ಡ್ರೈವರುಗಳಿಗೆ ತೆಗೆದು ತೋರಿಸುತ್ತಿದ್ದನಂತೆ. ಸಾಲಿ ಕಲಿಯದವನಿಗೆ ಸಿಕ್ಕ ಒಂದೇ ಸರ್ಟಿಫಿಕೇಟು ಅದು.

ಈಗ ನನ್ನ ಭಾಗಕ್ಕೆ ಬರುತ್ತೇನೆ.

ನಮ್ಮಲ್ಲಿ ಅಮಾವಾಸ್ಯೆಗೆ ಗಾಡಿಪೂಜೆ ತಪ್ಪಿಸುವವರು ಯಾರೂ ಇಲ್ಲ. ಲಾಲಸಾಬ ಬೆಳಿಗ್ಗೆಯೇ ಲಾರಿ ತೊಳೆದು, ನಿಂಬೆಹಣ್ಣು-ಮೆಣಸಿನಕಾಯಿ ಕಟ್ಟಿ, ಚಕ್ರದ ಕೆಳಗೆ ಇಡುವ ಹಣ್ಣನ್ನೂ ತಾನೇ ತಂದು, ನಾನು ಬರುವವರೆಗೆ ಕಾಯುತ್ತಿದ್ದ. ನಾನು ಮೂತಿಗೆ, ಲೈಟಿಗೆ, ಸ್ಟಿಯರಿಂಗಿಗೆ ವಿಭೂತಿ ಬಳಿದು ಕಾಯಿ ಒಡೆಯುತ್ತಿದ್ದೆ. ತಟ್ಟೆ ಹಿಡಿಯುತ್ತಿದ್ದವನೂ ಅವನೇ. ಒಂದು ಅಮಾವಾಸ್ಯೆಗೆ ನಾಲ್ಕು ದಿನ ಮೊದಲು ನಾಲ್ಕನೆಯ ವರದಿ ಬಂದಿತ್ತು. ಕಬ್ಬಿಣ ಸ್ವಲ್ಪ — ತೀರ ಸ್ವಲ್ಪ — ಏರಿತ್ತು. ಹಳೆಯ ಎಂಜಿನ್ನಿಗೆ ಇದು ಸಹಜ ಎಂದು ಅವರೇ ಬರೆದಿದ್ದರು. ಸಹಜ ಎಂಬ ಮಾತು ನನ್ನನ್ನು ಎಂದೂ ಸಮಾಧಾನ ಮಾಡಿಲ್ಲ. ಆ ದಿನ ವಿಭೂತಿ ಹಚ್ಚುತ್ತ ಹಚ್ಚುತ್ತ ನನಗೆ ಹೊಳೆಯಿತು: ಎಲ್ಲ ಹೊರಗಡೆ ಹಚ್ಚುತ್ತಿದ್ದೇನೆ, ಅಪಾಯ ಇರುವುದು ಒಳಗಡೆ.

ಬಾನೆಟ್ ಎತ್ತಿದೆ. ಎಣ್ಣೆ ಹಾಕುವ ಬಾಯಿಯ ಮುಚ್ಚಳ ತಿರುಗಿಸಿದೆ. ವಿಭೂತಿಯ ಗಟ್ಟಿಯನ್ನು ಬೆರಳಲ್ಲಿ ಪುಡಿ ಮಾಡಿ ಒಂದು ಚಿಟಿಕೆ ಒಳಗೆ ಬಿಟ್ಟೆ.

ನೀವು ನಗಬಹುದು. ನಾನೇ ನಕ್ಕಿದ್ದೇನೆ — ಪುಣೆಯ ಯಂತ್ರವನ್ನೂ ನಂಬಿ, ಅದೇ ಎಣ್ಣೆಯೊಳಗೆ ಬೂದಿಯನ್ನೂ ಹಾಕಿದ ಮಹಾನುಭಾವ ಜಿಲ್ಲೆಗೆ ಒಬ್ಬನೇ ಇರಬೇಕು. ವಿಭೂತಿಯ ತಪ್ಪೇನೂ ಇಲ್ಲ. ಹಣೆಯ ಮೇಲೆ ಅದರ ಜಾಗ, ಅಲ್ಲಿ ಅದು ಯಾರನ್ನೂ ಸವೆಸಿಲ್ಲ.

ತಟ್ಟೆ ಹಿಡಿದಿದ್ದ ಲಾಲಸಾಬ ಮೆಲ್ಲಗೆ ಹೇಳಿದ, ‘ಸಾವಕಾರ್ರ, ದೇವರ ಬೂದಿ ಮ್ಯಾಲ ಇರಲ್ರಿ. ಎಣ್ಣಿಯೊಳಗ ಬ್ಯಾಡ್ರಿ.’

ಆಯಿತು ಅಂದೆ. ಮುಂದಿನ ಅಮಾವಾಸ್ಯೆಗೆ ಅವನನ್ನು ಒಂದು ಕೊಡ ನೀರು ತರಲು ಕಳಿಸಿ ಹಾಕಿದೆ. ಮುಚ್ಚಳ ತಿರುಗಿಸುವ ಹೊತ್ತಿಗೆ ಅವನು ಕೊಡ ಹೊತ್ತು ಬಂದು ನಿಂತಿದ್ದ. ನಮ್ಮ ಕಣ್ಣು ಕೂಡಿದವು. ಅವನು ಕೊಡ ಇಳಿಸಿ, ಆಗಲೇ ತೊಳೆದಿದ್ದ ಚಕ್ರವನ್ನು ಮತ್ತೊಮ್ಮೆ ತೊಳೆಯತೊಡಗಿದ. ಆಮೇಲೆ ಅವನೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪ್ರತಿ ಅಮಾವಾಸ್ಯೆಗೆ ನಾನು ನೀರು ತರಲು ಹೇಳುತ್ತಿದ್ದೆ, ಅವನು ಹೋಗುತ್ತಿದ್ದ, ಸ್ವಲ್ಪ ತಡವಾಗಿಯೇ ಬರುತ್ತಿದ್ದ.

ಮುಂದಿನ ವರದಿಯಲ್ಲಿ ಸಿಲಿಕಾನ್ ಏರಿತು, ಅದರ ಜೊತೆ ಕಬ್ಬಿಣವೂ. ನನಗೆ ಗಾಬರಿ. ಗಾಬರಿಯಾದಂತೆ ಚಿಟಿಕೆ ದೊಡ್ಡದಾಯಿತು. ಅದರ ಮುಂದಿನ ವರದಿ ಇನ್ನೂ ಕೆಟ್ಟದಾಗಿ ಬಂತು, ಆ ಅಮಾವಾಸ್ಯೆಗೆ ಬೆರಳಿನ ಬದಲು ಅಂಗೈ. ಹಳೆಯ ಕ್ಯಾಲೆಂಡರಿನ ಹಿಂದೆ ನಕ್ಷೆ ಬರೆದು ಏರುವ ಗೆರೆಯನ್ನು ದಿನಾ ನೋಡುತ್ತಿದ್ದೆ. ನನ್ನ ಚಿಂತೆಯ ನಕ್ಷೆಯೇ ಅದು, ಪುಣೆಯವರು ಅಳೆದು ಕಳಿಸುತ್ತಿದ್ದರು — ನನಗೆ ಮಾತ್ರ ಓದಲು ಬರಲಿಲ್ಲ. ಇಷ್ಟರವರೆಗಿನದು ದಡ್ಡತನ. ಇಷ್ಟೇ ಆಗಿದ್ದರೆ ಇದನ್ನು ಬರೆಯಲು ಕೂರುತ್ತಿರಲಿಲ್ಲ; ಮದುವೆ ಮನೆಯಲ್ಲಿ ನಗಲು ಹೇಳಿ ಮುಗಿಸುತ್ತಿದ್ದೆ.

ಲಾರಿ ನೀಲಿ ಹೊಗೆ ಬಿಡತೊಡಗಿತು. ಎಣ್ಣೆ ಕುಡಿಯತೊಡಗಿತು. ವರದಿಯ ಷರಾ ಈಗ ಬೇರೆ: ಗಾಳಿಯ ದಾರಿಯಲ್ಲಿ ಧೂಳು ಒಳಬರುತ್ತಿರಬಹುದು, ಕೂಡಲೆ ಪರೀಕ್ಷಿಸಿ. ಮೊದಲು ನಕ್ಕಿದ್ದ ಶಂಕ್ರಪ್ಪ ಈ ಸಲ ಹಾಳೆ ಕಸಿದುಕೊಂಡು ಓದಿದ. ಫಿಲ್ಟರ್ ನೋಡಿಕೊಳ್ಳುವುದು ಡ್ರೈವರನ ಕೆಲಸ, ಅಂದರೆ ಲಾಲಸಾಬನ ಆಲಸ್ಯ — ಶಂಕ್ರಪ್ಪನಿಗೆ ಅಷ್ಟು ಸಾಕಾಗಿತ್ತು. ಭಾನುವಾರ ನಿಡಗುಂದಿಯ ಗ್ಯಾರೇಜಿಗೆ ಗಾಡಿ ತರಿಸು ಅಂದ.

ಶುಕ್ರವಾರ ನಾನು ಎಸ್‌ಟಿಡಿ ಬೂತಿನಿಂದ ಪುಣೆಗೆ ಫೋನ್ ಮಾಡಿದೆ. ಲಾಲಸಾಬನನ್ನು ಉಳಿಸಲಿಕ್ಕೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಚಿಂತೆ ತಡೆಯಲಾರದೆ ಮಾಡಿದೆ. ವರದಿ ಬರೆದವರೇ ಸಿಕ್ಕರು. ಹಿಂದಿಯಲ್ಲಿ ನಿಧಾನವಾಗಿ ತಿಳಿಸಿ ಹೇಳಿದರು: ಷರಾ ಬರೆದ ಮೇಲೆ ಅಂಕಿಗಳನ್ನು ಮತ್ತೆ ನೋಡಿದೆ, ಒಂದು ಅನುಮಾನ ಬಂತು. ರಸ್ತೆಯ ಮಣ್ಣಾದರೆ ಸಿಲಿಕಾನಿನ ಜೊತೆ ಅಲ್ಯೂಮಿನಿಯಂ ಕೂಡ ಏರಬೇಕು. ನಿಮ್ಮ ಎಣ್ಣೆಯಲ್ಲಿ ಅದು ಏರಿಲ್ಲ, ಪೊಟ್ಯಾಸಿಯಂ ಏರಿದೆ. ಇದು ಮಣ್ಣಲ್ಲ. ಬೂದಿಯಂಥದ್ದು ಏನಾದರೂ ಎಣ್ಣೆಗೆ ಬೀಳುವ ಸಂಭವ ಇದೆಯೇ?

ಬೂತಿನ ಗಾಜಿನೊಳಗೆ ಮೀಟರಿನ ಕೆಂಪು ಅಂಕಿ ಓಡುತ್ತಿತ್ತು. ಅದನ್ನೇ ನೋಡುತ್ತ ನಿಂತೆ. ಇಲ್ಲ, ಅಂಥದ್ದೇನೂ ಇಲ್ಲ ಅಂದೆ. ಫೋನ್ ಇಟ್ಟೆ.

ಆಗ ನನಗೆ ತಿಳಿಯಿತು. ಗಮನಿಸಿ — ಭಾನುವಾರಕ್ಕೆ ಎರಡು ದಿನ ಮುಂಚೆ, ಪೂರ್ತಿಯಾಗಿ, ಯಾವ ಅನುಮಾನವೂ ಉಳಿಯದಂತೆ ತಿಳಿಯಿತು.

ಭಾನುವಾರ ಗ್ಯಾರೇಜಿನಲ್ಲಿ ಮಿಸ್ತ್ರಿ, ಶಂಕ್ರಪ್ಪ, ಚಹಾ ಕುಡಿಯಲು ಬಂದ ನಾಲ್ಕೈದು ಲಾರಿ ಮಾಲೀಕರು. ನಮ್ಮದು ಹಳೆಯ ನಮೂನೆಯ ಫಿಲ್ಟರ್ — ತಳದಲ್ಲಿ ಎಣ್ಣೆಯ ಬಟ್ಟಲು, ಮೇಲೆ ತಂತಿಯ ಜಾಳಿಗೆ. ಧೂಳು ಬಟ್ಟಲಿನ ಎಣ್ಣೆಗೆ ಅಂಟಿ ನಿಲ್ಲಬೇಕು. ಲಾಲಸಾಬ ತಾನೇ ಬಿಚ್ಚಿ ಎಲ್ಲರ ಮುಂದೆ ಇಟ್ಟ. ಜಾಳಿಗೆ ಥಳಥಳ, ಬಟ್ಟಲಿನಲ್ಲಿ ಸ್ವಚ್ಛ ಎಣ್ಣೆ. ಮೂರು ದಿನಕ್ಕೊಮ್ಮೆ ಡೀಸೆಲ್ಲಿನಲ್ಲಿ ತೊಳೆಯುತ್ತಾನೆಂದು ನನಗೆ ಗೊತ್ತಿತ್ತು. ಶಂಕ್ರಪ್ಪ ಬಗ್ಗಿ ನೋಡಿ, ‘ಇವತ್ತ ತೊಳದ ತಂದಿ, ಹೌದಿಲ್ಲೋ?’ ಅಂದ. ಅಲ್ಲಿದ್ದವರು ನಕ್ಕರು. ಫಿಲ್ಟರ್ ಹೊಲಸಿದ್ದರೆ ಅವನ ತಪ್ಪು, ಸ್ವಚ್ಛವಿದ್ದರೆ ಇನ್ನೂ ದೊಡ್ಡ ತಪ್ಪು — ಲಾಲಸಾಬನಿಗೆ ಅದು ಅಲ್ಲಿಯೇ ಅರ್ಥವಾಯಿತು. ಅವನು ಶಂಕ್ರಪ್ಪನನ್ನು ಬಿಟ್ಟು ನನ್ನ ಕಡೆ ನೋಡಿದ.

ಶಂಕ್ರಪ್ಪನೂ ನನ್ನ ಕಡೆ ತಿರುಗಿದ. ‘ನೀ ಓದಿದಾಂವ, ನೀ ಹೇಳು ಈರಣ್ಣ. ಎಣ್ಣಿಯೊಳಗ ಇದು ಹೋಗಾಕ ಫಿಲ್ಟರ್ ಬಿಟ್ಟು ಬ್ಯಾರೆ ದಾರಿ ಐತೇನು?’

‘ಬ್ಯಾರೆ ದಾರಿ ಇಲ್ಲ,’ ಅಂದೆ.

ಮೂರು ಶಬ್ದ. ಕೀಲಿ ಹಾಕಿದೆನೋ ಇಲ್ಲವೋ ಎಂದು ಆಯುಷ್ಯವೆಲ್ಲ ಅನುಮಾನಿಸಿದವನು ಆ ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಿದೆ.

ಲಾಲಸಾಬ ಗಾಡಿಯ ಕೀಲಿಯನ್ನು ಮಡ್‌ಗಾರ್ಡಿನ ಮೇಲೆ ಇಟ್ಟ. ಕೈ ಒರೆಸಿಕೊಂಡ. ‘ರಿಪೋರ್ಟ್ ಸುಳ್ಳ ಹೇಳಂಗಿಲ್ಲ ಅಂತಿದ್ರಿ ಸಾವಕಾರ್ರ. ಖರೆ ಐತ್ರಿ,’ ಅಂದು ಬಸ್ ಸ್ಟ್ಯಾಂಡಿನ ಕಡೆ ನಡೆದ.

ಅವನೇಕೆ ಹೇಳಲಿಲ್ಲ? ಒಂದು ಮಾತು ಸಾಕಾಗಿತ್ತು — ‘ಇವರು ವಿಭೂತಿ ಹಾಕ್ಯಾರ’ ಎಂದು. ಆದರೆ ಆ ಮಾತು ಅವನ ಬಾಯಿಂದ ಬಂದಿದ್ದರೆ ಅಲ್ಲಿದ್ದವರ ಕಿವಿಗೆ ಎಂಜಿನ್ನಿನ ಮಾತಾಗಿ ಬೀಳುತ್ತಿರಲಿಲ್ಲ. ಲಾಲಸಾಬ ಎಂಬ ಹೆಸರಿನವನು ದೇವರ ಬೂದಿಯ ಮೇಲೆ ತಪ್ಪು ಹೊರಿಸಿದ ಎಂದಾಗುತ್ತಿತ್ತು. ನಮ್ಮ ಊರುಗಳಲ್ಲಿ ಅವರೂ ನಾವೂ ಎಷ್ಟೋ ತಲೆಮಾರಿನಿಂದ ಒಂದೇ ಬಾವಿಯ ನೀರು ಕುಡಿದವರು, ನಿಜ. ಆದರೂ ಅಂಥ ಮಾತನ್ನು ಅವನು ಆಡುವುದಕ್ಕೂ ನಾನು ಆಡುವುದಕ್ಕೂ ವ್ಯತ್ಯಾಸವಿತ್ತು. ಅದು ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತಿದೆ ಎಂಬುದು ನನಗೆ ಗೊತ್ತಿತ್ತು. ಗ್ಯಾರೇಜಿನಲ್ಲಿ ನಾನು ಧೈರ್ಯವಾಗಿ ನಿಂತದ್ದು ಅದರ ಮೇಲೆ. ಎಣ್ಣೆಗೆ ಬೂದಿ ಹಾಕಿದ್ದಲ್ಲ — ಇದು ನನ್ನ ತಪ್ಪು.

ಮುಂದಿನದು ಇನ್ನೂ ಕೆಟ್ಟದಾಯಿತು. ಎಂಜಿನ್ ಬಿಚ್ಚಿ, ಗೀರು ಬಿದ್ದ ಸಿಲಿಂಡರುಗಳನ್ನು ಸರಿಮಾಡಿಸಿದೆವು. ಹೊಸ ಡ್ರೈವರ್ ಬಂದ. ನಾನು ಚಿಟಿಕೆ ನಿಲ್ಲಿಸಿದ್ದೆ. ಮುಂದಿನ ವರದಿಯಲ್ಲಿ ಸಿಲಿಕಾನ್ ಇರಬೇಕಾದಷ್ಟೇ! ಡ್ರೈವರ್ ಬದಲಾದ, ಧೂಳು ನಿಂತಿತು — ಇನ್ನೇನು ಸಾಕ್ಷಿ ಬೇಕು? ಶಂಕ್ರಪ್ಪ ಹಳೆಯ ಹಾಳೆ, ಹೊಸ ಹಾಳೆ ಎರಡನ್ನೂ ಜೇಬಲ್ಲಿಟ್ಟುಕೊಂಡು ತೋರಿಸುತ್ತ ತಿರುಗಿದ. ಲಾಲಸಾಬ ಇಂಡಿಯ ನಿಂಬೆಹಣ್ಣಿನ ವ್ಯಾಪಾರಿಯ ಹತ್ತಿರ ಕೆಲಸ ಕೇಳಿದ, ಸಿಂದಗಿಯ ಹತ್ತಿ ಗಿರಣಿಯಲ್ಲಿ ಕೇಳಿದ, ಮುದ್ದೇಬಿಹಾಳದ ಕಲ್ಲಿನ ಕ್ವಾರಿಯಲ್ಲಿ ಕೇಳಿದ. ಅವನಿಗಿಂತ ಮೊದಲೇ ಆ ಹಾಳೆಗಳ ಸುದ್ದಿ ಅಲ್ಲಿಗೆ ಮುಟ್ಟಿತ್ತು. ಮತ್ತೆ ಅವನ ಕೈಗೆ ಯಾರೂ ಸ್ಟಿಯರಿಂಗ್ ಕೊಡಲಿಲ್ಲ.

ನಾನೇನು ಮಾಡಿದೆ? ಭಾಷಣ ಮಾಡಿದೆ. ಎಣ್ಣೆ ಕಂಪನಿಯವರು ಸಭೆ ಮಾಡಿದಾಗಲೆಲ್ಲ, ಪರೀಕ್ಷೆ ಮಾಡಿಸಿದ ಅನುಭವಸ್ಥ ಎಂದು ನನ್ನನ್ನು ನಿಲ್ಲಿಸುತ್ತಿದ್ದರು. ‘ನಮ್ಮಲ್ಲಿ ಒಬ್ಬ ಡ್ರೈವರ್ ಇದ್ದ’ ಎಂದು ಶುರು ಮಾಡಿ, ಫಿಲ್ಟರ್ ಅಲಕ್ಷ್ಯ ಮಾಡಿದರೆ ಏನಾಗುತ್ತದೆ ಎಂದು ಹೇಳಿ, ಕ್ಯಾಲೆಂಡರಿನ ನಕ್ಷೆ ಬಿಚ್ಚಿ ತೋರಿಸಿ ಚಪ್ಪಾಳೆ ಇಸಿದುಕೊಂಡಿದ್ದೇನೆ. ನಾಲ್ಕು ಸಲ. ಹೆಸರು ಹೇಳುತ್ತಿರಲಿಲ್ಲ — ಅದೇ ದೊಡ್ಡ ಸೌಜನ್ಯ ಎಂದು ನನಗೆ ಅನ್ನಿಸಿತ್ತು. ಹೆಸರು ಎಲ್ಲರಿಗೂ ಗೊತ್ತಿತ್ತು.

ಈ ವರ್ಷದ ಸಭೆ ಸಿಂದಗಿಯಲ್ಲಿ. ಭಾಷಣ ಮುಗಿದ ಮೇಲೆ ತಲೆ ಬೆಳ್ಳಗಾದ ಡ್ರೈವರೊಬ್ಬ ಹತ್ತಿರ ಬಂದು, ಆ ಮನುಷ್ಯ ಈಗ ಏನು ಮಾಡಿಕೊಂಡಿದ್ದಾನೆ ಎಂದು ಕೇಳಿದ. ಸುಮ್ಮನೆ ಕೇಳಿದ, ಯಾವ ಮೊನೆಯೂ ಇರಲಿಲ್ಲ. ಲಾಲಸಾಬನ ಗೊಳಸಂಗಿ ನಮ್ಮೂರಿನಿಂದ ಎಷ್ಟು ದೂರ? ಎಂಟು ವರ್ಷ ಪುಣೆಗೆ ಎಣ್ಣೆ ಕಳಿಸಿದವನಿಗೆ ಅಲ್ಲಿಗೆ ಹೋಗಲಾಗಿರಲಿಲ್ಲ.

ಮರುದಿನ ಹೋದೆ. ಲಾಲಸಾಬ ಹಿಟ್ಟಿನ ಗಿರಣಿ ನಡೆಸುತ್ತಿದ್ದಾನೆ, ಸ್ವಂತದ್ದಲ್ಲ, ಸೋದರಮಾವನದು. ಮೈಗೆಲ್ಲ ಜೋಳದ ಹಿಟ್ಟು. ನನ್ನನ್ನು ನೋಡಿ ಬೆಲ್ಟು ಜಾರಿಸಿ ಗಿರಣಿ ನಿಲ್ಲಿಸಿದ, ಚೀಲ ಝಾಡಿಸಿ ಕೂರಲು ಹಾಕಿದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋದದ್ದನ್ನೆಲ್ಲ ಹೇಳಿದೆ — ಚಿಟಿಕೆ, ಪುಣೆಯ ಫೋನು, ಭಾಷಣ. ಹೇಳುತ್ತ ಹೇಳುತ್ತ ನನ್ನ ಮಾತು ನನಗೇ ಚೆನ್ನಾಗಿ ಕೇಳಿಸತೊಡಗಿತ್ತು. ಕಣ್ಣಲ್ಲಿ ನೀರೂ ಬಂತು. ಅವನು ಪೂರ್ತಿ ಕೇಳಿದ.

‘ಇದನ್ನ ನನಗ್ಯಾಕ ಹೇಳ್ತೀರಿ ಸಾವಕಾರ್ರ?’ ಅಂದ. ‘ನನಗ ಗೊತ್ತಿತ್ತಲ್ಲ. ಗೊತ್ತಿಲ್ಲದವರಿಗೆ ಹೇಳ್ರಿ.’

ಸಿಟ್ಟಿನಿಂದ ಹೇಳಲಿಲ್ಲ. ಅಂಚೆಯವನಿಗೆ ಸರಿಯಾದ ಮನೆ ತೋರಿಸಿದ ಹಾಗೆ ಹೇಳಿದ. ಅವತ್ತಿನ ಜನರನ್ನೆಲ್ಲ ಗ್ಯಾರೇಜಿಗೆ ಕರೆಸುತ್ತೇನೆ, ನೀನೂ ಬಾ ಎಂದೆ. ಬರುವುದಿಲ್ಲ ಅಂದ, ಭಾನುವಾರ ಗಿರಣಿಗೆ ಜೋಳ ಬಹಳ ಬರುತ್ತದೆ. ಮತ್ತೆ ಬೆಲ್ಟು ಏರಿಸಿದ. ಆ ಸದ್ದಿನಲ್ಲಿ ಮಾತಾಡಲು ಇನ್ನು ಆಗುತ್ತಿರಲಿಲ್ಲ.

ಇಂಡಿಗೆ ಹೋದೆ. ನಿಂಬೆಹಣ್ಣಿನ ವ್ಯಾಪಾರಿ ಕೆಮ್ಮು ಬರುವ ತನಕ ನಕ್ಕರು, ಒಳಗಿದ್ದ ತಮ್ಮನನ್ನೂ ಕರೆದು ಇನ್ನೊಮ್ಮೆ ಹೇಳಿಸಿದರು. ಆಮೇಲೆ ನಗು ನಿಲ್ಲಿಸಿ, ‘ಅಂವ ನನ್ನ ಕಡೆ ಮೂರ ಸಲ ಬಂದಿದ್ದರಿ’ ಅಂದರು. ಸಿಂದಗಿಯಲ್ಲಿ ಹತ್ತಿ ಗಿರಣಿಯವರು ನಗಲಿಲ್ಲ. ಈಗ ಹೇಳಿ ಏನು ಉಪಯೋಗ, ಅವನ ವಯಸ್ಸು ದಾಟಿತಲ್ಲ ಎಂದು ಕೇಳಿದರು. ಉಪಯೋಗ ಇಲ್ಲ ಎಂದು ಒಪ್ಪಿಕೊಂಡೆ. ನಾಳೆ ಮುದ್ದೇಬಿಹಾಳ. ಭಾನುವಾರ ನಿಡಗುಂದಿ: ಶಂಕ್ರಪ್ಪನಿಗೂ ಮಿಸ್ತ್ರಿಗೂ ಅವತ್ತು ಚಹಾ ಕುಡಿದವರಿಗೂ ಹೇಳಿ ಕಳಿಸಿದ್ದೇನೆ. ಕಾರಣ ತಿಳಿಸಿಲ್ಲ. ನಾನು ಹೊಸ ಲಾರಿ ಕೊಳ್ಳುತ್ತಿದ್ದೇನೆ ಎಂದು ಶಂಕ್ರಪ್ಪ ಊಹೆ ಮಾಡಿಕೊಂಡಿದ್ದಾನಂತೆ.

ಹೇಳಬೇಕಾದದ್ದು ಮೂರೇ ಮಾತು. ಲಾಲಸಾಬನ ಫಿಲ್ಟರ್ ಸ್ವಚ್ಛವಿತ್ತು. ಎಣ್ಣೆಯೊಳಗೆ ಬೂದಿ ಹಾಕಿದವನು ನಾನು. ಅವನು ಬಾಯಿಬಿಡಲಾರ ಎಂದು ತಿಳಿದೇ ನಾನು ಅವನ ಮೇಲೆ ಹಾಕಿದೆ.

ಇಂಡಿಯಲ್ಲೂ ಸಿಂದಗಿಯಲ್ಲೂ ನಾನು ಹೇಳಿದ್ದು ಮೊದಲಿನ ಎರಡನ್ನು ಮಾತ್ರ. ಎರಡಕ್ಕೇ ನಿಲ್ಲಿಸಿದರೆ ಅದು ನಗೆಯ ಕಥೆ. ಜನ ಬೆನ್ನು ತಟ್ಟಿ ಚಹಾ ಕೊಡುತ್ತಾರೆ, ನಾನು ಕುಡಿದು ಬಂದಿದ್ದೇನೆ. ಆ ಎರಡೂ ಊರಿಗೆ ಮತ್ತೊಮ್ಮೆ ಹೋಗಬೇಕಾಗಿದೆ. ಭಾನುವಾರ ಗ್ಯಾರೇಜಿನಲ್ಲಿ ಮೂರನೆಯ ಮಾತಿನಿಂದಲೇ ಶುರು ಮಾಡುತ್ತೇನೆ.